ಬೂಷ್ಟು ಹಿಡಿದ ವಿಎಚ್‌ಎಸ್ ಕ್ಯಾಸೆಟ್‌ಗಳನ್ನು ಕಂಪ್ಯೂಟರಿಗೆ ಇಳಿಸುವುದು ಹೇಗೆ?

80ರ ದಶಕದಲ್ಲಿ ದೂರದರ್ಶನದಿಂದ ರೆಕಾರ್ಡ್ ಮಾಡಿಟ್ಟ ಕ್ಯಾಸೆಟ್‌ಗಳಲ್ಲಿ ಬಿಳಿ ಪುಡಿ ಕಾಣುತ್ತಿದೆ, ಒಂದನ್ನು ಹಾಕಿದ ಮೇಲೆ ಚಿತ್ರವೆಲ್ಲ ಚುಕ್ಕಿ ಚುಕ್ಕಿ, ಮಾತು ಮಾತ್ರ ಸರಿಯಾಗಿದೆ ಎಂದಿದ್ದೀರಿ. ದಯವಿಟ್ಟು ಇನ್ನೊಂದು ಕ್ಯಾಸೆಟ್ ಹಾಕಬೇಡಿ. ಆ ಪುಡಿ ಬೂಷ್ಟು. ಅದೇ ವಿಸಿಆರ್‌ನಲ್ಲಿ ಹಾಕಿದರೆ ಒಳ್ಳೆಯ ಟೇಪಿಗೂ ಅಂಟುತ್ತದೆ.

ಮಾತು ಸರಿಯಿದ್ದು ಚಿತ್ರ ಕೆಟ್ಟಿದೆ ಎಂದರೆ ನಿಮ್ಮ ಟೇಪ್ ಹಾಳಾಗಿಲ್ಲದಿರುವ ಸಾಧ್ಯತೆಯೇ ಹೆಚ್ಚು. ಮಾಮೂಲಿ ವಿಸಿಆರ್‌ನಲ್ಲಿ ಧ್ವನಿಯನ್ನು ಓದುವುದು ಅಲುಗಾಡದ ಪ್ರತ್ಯೇಕ ಹೆಡ್. ಚಿತ್ರವನ್ನು ಓದುವ ಹೆಡ್‌ಗಳು ನಿಮಿಷಕ್ಕೆ 1500 ಸುತ್ತು ತಿರುಗುವ ಡ್ರಮ್ಮಿನ ಮೇಲಿರುತ್ತವೆ. ಕಟ್ಟಿಕೊಂಡಿರುವುದು ಅವು.

ಪ್ಲಗ್ ಕಿತ್ತು, ಮೇಲಿನ ಮುಚ್ಚಳ ತೆಗೆಯಿರಿ. ಬಿಳಿ ಕಾಗದದ ತುಂಡೊಂದನ್ನು 99% ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿ ಡ್ರಮ್ಮಿನ ಪಕ್ಕಕ್ಕೆ ಮೆಲ್ಲಗೆ ಒತ್ತಿ ಹಿಡಿಯಿರಿ. ಕಾಗದ ಅಲ್ಲೇ ಇರಲಿ, ಇನ್ನೊಂದು ಕೈಯಿಂದ ಡ್ರಮ್ಮಿನ ನೆತ್ತಿ ಹಿಡಿದು ತಿರುಗಿಸಿ. ಕಾಗದದ ಮೇಲೆ ಕಂದು ಗೆರೆ ಬೀಳುತ್ತದೆ. ಗೆರೆ ಬೀಳದಾಗುವವರೆಗೆ ಹೊಸ ಕಾಗದ ಹಿಡಿಯಿರಿ. ಮೇಲೆ ಕೆಳಗೆ ಮಾತ್ರ ಖಂಡಿತ ಉಜ್ಜಬೇಡಿ, ಹೆಡ್ಡಿನ ಫೆರೈಟ್ ತುದಿ ಮುರಿದುಹೋಗುತ್ತದೆ. ಹತ್ತಿ ಕಡ್ಡಿಯೂ ಬೇಡ, ಅದರ ಎಳೆ ಸಿಕ್ಕಿಕೊಳ್ಳುತ್ತದೆ.

ಇನ್ನು ಕ್ಯಾಸೆಟ್. ಮಲೆನಾಡು, ಕರಾವಳಿಯ ಮಳೆಗಾಲದ ತೇವ ಕುಡಿದ ಟೇಪನ್ನು ಹಾಗೇ ಒರೆಸಿದರೆ ಬೂಷ್ಟು ಜಿಗುಟಾಗಿ ಬಳಿದುಕೊಳ್ಳುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಒಂದೆರಡು ವಾರ ಇಡಿ. ಒಣಗಿದ ಮೇಲೆ ಪುಡಿಯಾಗಿ ಉದುರುತ್ತದೆ. ಬಿಸಿಲಿಗೆ ಇಡಬೇಡಿ. ಆಮೇಲೆ ಮಾಸ್ಕ್ ಹಾಕಿಕೊಂಡು, ಮನೆಯ ಹೊರಗೆ, ತಳದ ಐದು ಸ್ಕ್ರೂ ಬಿಚ್ಚಿ. ಎರಡೂ ಭಾಗ ಬಿಗಿಯಾಗಿ ಹಿಡಿದೇ ಕ್ಯಾಸೆಟ್ಟನ್ನು ತಿರುವಿ ಹಾಕಿ, ಮೇಲಿನ ಭಾಗವನ್ನು ಎತ್ತಿ. ಟೇಪ್ ಯಾವ ರೋಲರ್ ಸುತ್ತಿ ಹೋಗಿದೆ ಎಂದು ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳುವುದನ್ನು ಮರೆಯಬೇಡಿ. ಸುರುಳಿಯ ಅಂಚನ್ನು ಮೆತ್ತನೆಯ ಒಣ ಬ್ರಷ್ಷಿನಿಂದ ಒರೆಸಿ, ಎರಡೂ ಚಕ್ರಗಳನ್ನು ಬೇರೊಂದು ಚೊಕ್ಕ ಕ್ಯಾಸೆಟ್ಟಿನ ಖಾಲಿ ಕವಚಕ್ಕೆ ವರ್ಗಾಯಿಸಿ. ಹಳೆಯ ಕವಚದ ಮೂಲೆಗಳಲ್ಲೂ ಬೂಷ್ಟು ಇರುವುದರಿಂದ ಈ ಕೆಲಸ ಬಿಡಬಾರದು. ಪ್ಲೇ ಮಾಡುವ ಮೊದಲು ಒಮ್ಮೆ ಪೂರ್ತಿ ಮುಂದಕ್ಕೆ, ಒಮ್ಮೆ ಹಿಂದಕ್ಕೆ ಸುತ್ತಿ. ಪ್ರತಿ ಕ್ಯಾಸೆಟ್ ಆದ ಮೇಲೂ ಹೆಡ್ ಒರೆಸಿ.

ಕಂಪ್ಯೂಟರಿಗೆ ಇಳಿಸಲು ಹಳದಿ, ಕೆಂಪು, ಬಿಳಿ ಪಿನ್ ಇರುವ ಯುಎಸ್‌ಬಿ ಕ್ಯಾಪ್ಚರ್ ಕಾರ್ಡ್ ಸಾಕು. ಸೆಟ್ಟಿಂಗ್ ಪಾಲ್ (ಭಾರತದ ಹಳೆಯ ಟಿವಿ ಪದ್ಧತಿ), 720×576, ಸೆಕೆಂಡಿಗೆ 25 ಫ್ರೇಮ್, ಇಂಟರ್‌ಲೇಸ್ಡ್ (ಪ್ರತಿ ಫ್ರೇಮ್ ಬೆಸ ಗೆರೆ, ಸಮ ಗೆರೆಗಳ ಎರಡು ಅರ್ಧವಾಗಿ ಬರುವುದು). ನಂತರ ಡಿಇಂಟರ್‌ಲೇಸ್ ಮಾಡುವಾಗ, ಅಂದರೆ ಆ ಅರ್ಧಗಳನ್ನು ಪೂರ್ಣ ಚಿತ್ರವಾಗಿಸುವಾಗ, 50 ಫ್ರೇಮ್‌ಗೆ ಮಾಡಿ, ಓಡಾಟ ನುಣ್ಣಗೆ ಉಳಿಯುತ್ತದೆ. ಚಿತ್ರದ ತಲೆಭಾಗ ಬಾಗಿದರೆ, ಫ್ರೇಮ್ ಬಿಟ್ಟುಹೋದರೆ, ವಿಸಿಆರ್ ಮತ್ತು ಕಾರ್ಡಿನ ನಡುವೆ ಹಳೆಯ ಡಿವಿಡಿ ರೆಕಾರ್ಡರ್ ಸೇರಿಸಿ ನೋಡಿ. ಕೆಲವು ಮಾಡೆಲ್‌ಗಳು ಸಿಂಕ್ (ಚಿತ್ರದ ಗೆರೆಗಳ ಸಮಯದ ಹೊಂದಿಕೆ) ಸರಿಪಡಿಸಿ ಕೊಡುತ್ತವೆ. ಚಿತ್ರದ ಅಡಿಯಲ್ಲಿ ಕೆಲವೇ ಗೆರೆ ಅಗಲದ ಗಲಿಬಿಲಿ ಕಂಡರೆ ಗಾಬರಿ ಬೇಡ. ಒಂದು ಹೆಡ್ಡಿನಿಂದ ಇನ್ನೊಂದಕ್ಕೆ ದಾಟುವ ಜಾಗ ಅದು, ಹಳೆಯ ಟಿವಿಯ ಪರದೆ ಅದನ್ನು ಮರೆಮಾಡುತ್ತಿತ್ತು.