ಶಿಬಿರದ ಉತ್ಸಾಹ ಇಳಿದ ಹುಡುಗನಿಗೆ ಬೈಬಲ್ ಶಾಲೆಯೇ?

ಚರ್ಚಿನ ಶಿಬಿರದಲ್ಲಿ ಕಣ್ಣೀರಿಟ್ಟು ಯೇಸುವನ್ನು ಹಿಂಬಾಲಿಸುವ ತೀರ್ಮಾನ ಮಾಡಿದ ಹುಡುಗ ತಿಂಗಳೊಳಗೆ ತಣ್ಣಗಾಗಿದ್ದಾನೆ, ಅವನನ್ನು ಬೈಬಲ್ ಶಾಲೆಗೆ ಸೇರಿಸಬಹುದೇ ಎಂದು ಕೇಳಿದ್ದೀರಿ. ಈಗಲೇ ಬೇಡ ಎನ್ನುತ್ತೇನೆ. ಆಸಕ್ತಿ ಕುಂದಿದವನಿಗೆ ಅಲ್ಲಿನ ಪಾಠ, ಪರೀಕ್ಷೆ, ಶಿಸ್ತು ಎಲ್ಲವೂ ಶಿಕ್ಷೆಯಂತೆ ಕಾಣಬಹುದು.

ಯೇಸುವಿನ ಬದುಕನ್ನು ಹೇಳುವ ಬೈಬಲಿನ ಮಾರ್ಕನ ಸುವಾರ್ತೆಯಲ್ಲಿ 16 ಅಧ್ಯಾಯಗಳಿವೆ. ವಾರಕ್ಕೊಂದರಂತೆ ಅವನ ಜೊತೆ ಕುಳಿತು ಓದಿ. ಓದಿದ ಮೇಲೆ ಉಪದೇಶಕ್ಕಿಳಿಯಬೇಡಿ, ಅವನೇ ಪ್ರಶ್ನೆ ಕೇಳಲಿ. ಅನುಮಾನಗಳನ್ನು ಹೇಳಿಕೊಂಡರೆ ಬೆಚ್ಚಿಬೀಳಬೇಡಿ. ಭೇಟಿಯ ವಿಷಯ ಹೆತ್ತವರಿಗೆ ತಿಳಿದಿರಲಿ, ಜಾಗ ನಾಲ್ಕು ಜನರ ಕಣ್ಣಿಗೆ ಬೀಳುವಂತಿರಲಿ. ಇದರಲ್ಲಿ ಸಡಿಲಿಕೆ ಬೇಡವೇ ಬೇಡ. ಮುಂದಿನ ಶಿಬಿರದಲ್ಲಿ ಅವನನ್ನು ಸಾಕ್ಷಿ (ತನ್ನ ನಂಬಿಕೆಯ ಅನುಭವ) ಹೇಳಲು ವೇದಿಕೆ ಹತ್ತಿಸುವ ಆತುರವೂ ಬೇಡ (ಚರ್ಚ್ ಸಭೆಗಳಿಗೆ ಇದೊಂದು ಚಟ!), ಚಿಕ್ಕ ಮಕ್ಕಳ ಗುಂಪಿಗೆ ಸಹಾಯಕನಾಗಿರಲಿ, ಸಾಕು.

ತಣ್ಣಗಾದನೆಂದು ಎದೆಗುಂದಬೇಡಿ. ಬೈಬಲಿನ ಅಪೊಸ್ತಲರ ಕೃತ್ಯಗಳ 13ನೇ ಅಧ್ಯಾಯದಲ್ಲಿ ಸುವಾರ್ತೆ ಸಾರುವ ಪ್ರಯಾಣದ ನಡುವೆಯೇ ಹಿಂದಿರುಗಿದ ಯೋಹಾನ ಮಾರ್ಕನನ್ನು ಮುಂದೆ ಮತ್ತೆ ಕರೆದೊಯ್ಯಲು ಅಪೊಸ್ತಲ ಪೌಲ ಒಪ್ಪಲಿಲ್ಲ, ಅವನ ಸಂಗಡಿಗ ಬಾರ್ನಬ ಕರೆದೊಯ್ದ. ಅದೇ ಮಾರ್ಕನು ಸೇವೆಗೆ ಉಪಯುಕ್ತನೆಂಬ ಮಾತು ಪೌಲನ ಹೆಸರಿನಲ್ಲಿರುವ, ತಿಮೊಥೆಯನಿಗೆ ಬರೆದ ಎರಡನೆಯ ಪತ್ರದಲ್ಲಿ ಬರುತ್ತದೆ. ಬೈಬಲ್ ಶಾಲೆಯ ಮಾತನ್ನು ಹುಡುಗ ತಾನಾಗಿ ಎತ್ತಿದಾಗ ಸಭಾಪಾಲಕರೊಂದಿಗೆ ಕುಳಿತು ಮಾತನಾಡಿ.