ಅಕ್ಕನಿಗೆ ಎಚ್‌ಪಿವಿ ಪಾಸಿಟಿವ್, ಪ್ಯಾಪ್ ನಾರ್ಮಲ್: ಇದು ಕ್ಯಾನ್ಸರಾ?

ಅಲ್ಲ. ಎಚ್‌ಪಿವಿ ಅಂದರೆ ಸೇರುವುದರಿಂದ ಹರಡುವ ಒಂದು ವೈರಸ್; ಅದು ಇದೆ, ಆದರೆ ಪ್ಯಾಪ್ ಟೆಸ್ಟಿನಲ್ಲಿ ಗರ್ಭಕೊರಳಿನ ಜೀವಕೋಶಗಳಲ್ಲಿ ಬದಲಾವಣೆ ಕಂಡಿಲ್ಲ ಎಂದರ್ಥ. ನನ್ನ ಅತ್ತಿಗೆಗೂ ಹೀಗೇ ಬಂದಿತ್ತು.

ಮೊದಲು ರಿಪೋರ್ಟಿನಲ್ಲಿ ವೈರಸ್ಸಿನ ಟೈಪ್ ನಂಬರ್ ನೋಡಿ. ಬರೆದಿಲ್ಲದಿದ್ದರೆ ಲ್ಯಾಬಿನವರನ್ನು ಕೇಳಿ. ಕ್ಯಾನ್ಸರ್ ಅಪಾಯ ಹೆಚ್ಚಿರುವ 16 ಅಥವಾ 18 ಇದ್ದರೆ ಕಾಯಬೇಡಿ, ಕಾಲ್ಪೊಸ್ಕೊಪಿ (ಗರ್ಭಕೊರಳನ್ನು ದೊಡ್ಡದಾಗಿ ಕಾಣಿಸಿ ನೋಡುವ ಪರೀಕ್ಷೆ) ಮಾಡಿಸಿ. ನಿಮ್ಮ ಶಿರಸಿಯ ಡಾಕ್ಟರ ಹತ್ತಿರ ಚೀಟಿ ಬರೆಸಿಕೊಳ್ಳಿ. ಕಾರವಾರದ ಮೆಡಿಕಲ್ ಕಾಲೇಜಿಗೆ ಹೋಗುವುದಾದರೆ ಫೋನ್ ಮಾಡಿ ಕೇಳಿಯೇ ಘಟ್ಟ ಇಳಿಯಿರಿ. ಅಲ್ಲಿ ಆಗದಿದ್ದರೆ ಹುಬ್ಬಳ್ಳಿ.

ಬೇರೆ ಟೈಪ್ ಆದರೆ ಸಾಮಾನ್ಯವಾಗಿ ಒಂದು ವರ್ಷ ಬಿಟ್ಟು ಮತ್ತೆ ಟೆಸ್ಟ್. ಜಾಸ್ತಿ ಜನರಲ್ಲಿ 1–2 ವರ್ಷದೊಳಗೆ ತಾನಾಗಿಯೇ ಹೋಗುತ್ತದೆ.

ಭಾವನ ಮೇಲೆ ಅಕ್ಕನಿಗೆ ಅನುಮಾನ ಅಂದಿರಲ್ಲ, ದಯವಿಟ್ಟು ಬಿಡಿಸಿ ಹೇಳಿ. ಈ ವೈರಸ್ ಎಷ್ಟೋ ವರ್ಷ ಸುಮ್ನೆ ಇರಬಹುದು. ಯಾವಾಗ, ಯಾರಿಂದ ಬಂತು ಅಂತ ಯಾವ ಟೆಸ್ಟೂ ಹೇಳುವುದಿಲ್ಲ.

ಮುಟ್ಟಿನ ನಡುವೆ ಅಥವಾ ಸೇರಿದ ಮೇಲೆ ರಕ್ತ ಕಂಡರೆ ಮಾತ್ರ ವರ್ಷ ಕಾಯದೆ ಕೂಡಲೇ ತೋರಿಸಿ.