ಹೆಂಡತಿ ಮಗಳನ್ನು ಕರೆದುಕೊಂಡು ಸಾಗರಕ್ಕೆ ಹೋದವಳು ವಾಪಸ್ ಬರ್ತಿಲ್ಲ, ವಿಡಿಯೊ ಮಾಡಿ ಹಾಕಲಾ?

ಹಾಕಬೇಡಿ. ಈಗಾಗಲೇ ಹಾಕಿದ್ದರೆ ಗಾಬರಿಯಲ್ಲಿ ಡಿಲೀಟ್ ಮಾಡೋಕೂ ಹೋಗಬೇಡಿ, ಮೊದಲು ನಿಮ್ಮ ವಕೀಲರಿಗೆ ತೋರಿಸಿ.

ನೀವು ಬರೆದಿದ್ದರಲ್ಲಿ ನನಗೆ ಅರ್ಥವಾಗಿದ್ದು ಇಷ್ಟು. ನೀವು ಅಮೆರಿಕದಲ್ಲಿದ್ದೀರಿ, ಮಗಳು ಅಲ್ಲೇ ಹುಟ್ಟಿದವಳು, ಏಳು ವರ್ಷ. ರಜೆಗೆ ಅಂತ ತಾಯಿ ಜೊತೆ ಸಾಗರದ ಹತ್ತಿರದ ಅಜ್ಜನ ಮನೆಗೆ ಬಂದಳು. ರಿಟರ್ನ್ ಟಿಕೆಟಿನ ದಿನ ಕಳೆದುಹೋಯಿತು, ಈಗ ಹೆಂಡತಿ ‘ನಾವು ಬರಲ್ಲ’ ಅಂತಿದ್ದಾರೆ. ಸ್ನೇಹಿತರು ‘ವೈರಲ್ ಮಾಡು, ಮಂತ್ರಿಗಳನ್ನೆಲ್ಲ ಟ್ಯಾಗ್ ಮಾಡು’ ಅಂತ ಕಿವಿ ಊದುತ್ತಿದ್ದಾರೆ.

ನಾನು ಶಿವಮೊಗ್ಗದಲ್ಲಿ ವಕೀಲಿಕೆ ಮಾಡ್ತೇನೆ, ಗಂಡ ಹೆಂಡತಿ ಕೇಸುಗಳೇ ಜಾಸ್ತಿ. ತೀರ್ಥಹಳ್ಳಿ, ಹೊಸನಗರ ಕಡೆಯ ಮನೆಗಳಲ್ಲೂ ಈಗ ಯಾರಾದರೊಬ್ಬರು ಹೊರದೇಶದಲ್ಲಿ ಇರ್ತಾರಲ್ವಾ, ಹಾಗಾಗಿ ಇಂಥವೂ ಬರ್ತವೆ.

ನಿಮ್ಮ ಸ್ನೇಹಿತರಿಗೆ ಬಹುಶಃ ನಾರ್ವೆ ಕೇಸು ನೆನಪಿರಬೇಕು. 2011ರಲ್ಲಿ ಅಲ್ಲಿನ ಮಕ್ಕಳ ಇಲಾಖೆಯವರು ಒಂದು ಬಂಗಾಳಿ ಕುಟುಂಬದ ಇಬ್ಬರು ಮಕ್ಕಳನ್ನು ಕರೆದೊಯ್ದಾಗ ಇಲ್ಲಿ ದೊಡ್ಡ ಗಲಾಟೆ ಆಯಿತು, ಭಾರತ ಸರ್ಕಾರ ಮಾತಾಡಿತು, 2012ರಲ್ಲಿ ಮಕ್ಕಳು ಭಾರತಕ್ಕೆ ಬಂದರು. ಸರಿ, ಆದರೆ ಅಲ್ಲಿ ಎದುರಿಗಿದ್ದದ್ದು ಒಂದು ಸರ್ಕಾರ. ನಾಲ್ಕು ಜನ ಏನಂತಾರೆ ಅನ್ನೋ ಭಯ ಸರ್ಕಾರಗಳಿಗೆ ಸ್ವಲ್ಪ ಇರುತ್ತೆ. ನಿಮ್ಮ ಎದುರಿಗಿರೋದು ನಿಮ್ಮ ಮಗಳ ತಾಯಿ. ಆ ಮಕ್ಕಳ ವಿಷಯದಲ್ಲೇ ಆಮೇಲೆ ತಾಯಿಗೂ ತಂದೆಯ ಕಡೆಯವರಿಗೂ ಜಗಳ ಬಂತು. ಅದು ತೀರ್ಮಾನ ಆಗಿದ್ದು ಕಲ್ಕತ್ತಾ ಹೈಕೋರ್ಟಿನಲ್ಲಿ.

ಪೋಸ್ಟ್ ಹಾಕಿದರೆ ಏನಾಗುತ್ತೆ ಅಂದರೆ, ಎದುರು ವಕೀಲರು ಅದನ್ನು ಕಾಮೆಂಟ್ ಸಮೇತ ಪ್ರಿಂಟ್ ತೆಗೆದು ಕೋರ್ಟಿಗೆ ಕೊಡ್ತಾರೆ. ನಿಮ್ಮ ಮಾತು ಹದವಾಗಿಯೇ ಇರಬಹುದು. ಆದರೆ ಕೆಳಗೆ ನಿಮ್ಮ ಚಿಕ್ಕಪ್ಪನ ಮಗ ನಿಮ್ಮ ಹೆಂಡತಿ ಬಗ್ಗೆ ಬಾಯಿಗೆ ಬಂದದ್ದು ಬರೆದಿರ್ತಾನೆ, ನೀವು ಅದಕ್ಕೊಂದು ಲೈಕ್ ಒತ್ತಿರ್ತೀರಿ. ಜಡ್ಜ್ ಓದೋದು ಅದನ್ನೇ. ‘ಏರ್‌ಪೋರ್ಟಲ್ಲೇ ಅರೆಸ್ಟ್ ಮಾಡಿಸ್ತೀನಿ’ ಅಂತ ಬರೆದುಬಿಟ್ಟರೆ ಇನ್ನೂ ಕೆಟ್ಟದ್ದು. ಮಗುವನ್ನು ಹೀಗೆ ದೇಶದ ಹೊರಗೆ ಉಳಿಸಿಕೊಳ್ಳೋದು ಅಮೆರಿಕದಲ್ಲಿ 1993ರ ಒಂದು ಕಾಯ್ದೆ ಪ್ರಕಾರ ಅಪರಾಧ, 3 ವರ್ಷದವರೆಗೆ ಜೈಲು. ನಿಮ್ಮ ಹೆಂಡತಿಯ ವಕೀಲರು ಅದನ್ನೂ ನಿಮ್ಮ ಪೋಸ್ಟನ್ನೂ ಜೋಡಿಸಿ, ‘ಸ್ವಾಮಿ, ಈಕೆ ವಾಪಸ್ ಹೋದರೆ ಜೈಲು, ಮಗು ತಾಯಿಯನ್ನು ಕಳೆದುಕೊಳ್ಳುತ್ತೆ’ ಅಂತ ವಾದಿಸ್ತಾರೆ. ಆ ವಾದ ಅವರ ಕೈಗೆ ಕೊಟ್ಟವರು ನೀವೇ ಆಗ್ತೀರಿ.

ಹೆಂಡತಿ ಕಡೆಯವರೂ ಇದನ್ನೇ ಮಾಡ್ತಾರೆ ಬಿಡಿ. ಹೆಸರು, ಊರು ಬಿಟ್ಟು ಹೇಳ್ತೇನೆ. ಒಂದು ಕೇಸಿನಲ್ಲಿ ಅಜ್ಜನ ಮನೆಯವರು ಮಗುವನ್ನು ಜಗಲಿ ಮೇಲೆ ಕೂರಿಸಿ ವಿಡಿಯೊ ಮಾಡಿದ್ದರು. ಹಿಂದೆ ಅಂಗಳದಲ್ಲಿ ಅಡಿಕೆ ಒಣಗಿಸಿದ್ದು ಕಾಣುತ್ತೆ, ಮಗು ಹೊಸ ಫ್ರಾಕ್ ಹಾಕಿದೆ. ‘ಪುಟ್ಟಿ, ನಿಂಗೆ ಅಮೆರಿಕ ಇಷ್ಟನಾ, ಇಲ್ಲಿ ಇಷ್ಟನಾ?’ ಅಂತ ಯಾರೋ ಕೇಳ್ತಾರೆ. ಮಗು ಕ್ಯಾಮೆರಾ ನೋಡಲ್ಲ, ಕ್ಯಾಮೆರಾ ಹಿಂದೆ ನಿಂತವರ ಮುಖ ನೋಡುತ್ತೆ, ಆಮೇಲೆ ‘ಇಲ್ಲಿ’ ಅನ್ನುತ್ತೆ. ಫೇಸ್‌ಬುಕ್ಕಿನಲ್ಲಿ ಎಲ್ಲರಿಗೂ ಕಣ್ಣೀರು ಬಂದಿತ್ತು. ಎದುರು ವಕೀಲರಿಗೆ ಆ ಅರೆ ಸೆಕೆಂಡು ಸಾಕಾಯಿತು, ಹೇಳಿಕೊಟ್ಟು ಹೇಳಿಸಿದ್ದು ಅಂತ.

ಇನ್ನು ಕಾನೂನು. ಹಿಂದೂ ವಿವಾಹ ಕಾಯ್ದೆ 22ನೇ ಸೆಕ್ಷನ್ ಪ್ರಕಾರ ಆ ಕಾಯ್ದೆಯಡಿ ನಡೆಯುವ ಕೇಸಿನ ವಿಚಾರ ಪ್ರಕಟಿಸುವಂತಿಲ್ಲ. ದಂಡ 1000 ರೂಪಾಯಿವರೆಗೆ ಅಷ್ಟೇ, ಕೇಳಿದರೆ ನಗು ಬರುತ್ತೆ. ಜಡ್ಜ್‌ಗೆ ಬೇಸರ ಬಂದರೆ ನಷ್ಟ ಸಾವಿರ ರೂಪಾಯಿಗೆ ನಿಲ್ಲಲ್ಲ ಅನ್ನೋದು ನೆನಪಿರಲಿ. ಆಸ್ಟ್ರೇಲಿಯಾದಂಥ ಕಡೆ ಕೌಟುಂಬಿಕ ಕೇಸಿನವರ ಗುರುತು ಸಿಗೋ ಹಾಗೆ ಬರೆದರೆ ಜೈಲಿಗೂ ಅವಕಾಶ ಇದೆ.

ಮಕ್ಕಳನ್ನು ವಾಪಸ್ ಕಳಿಸುವ ಬಗ್ಗೆ ದೇಶಗಳ ನಡುವೆ 1980ರ ಹೇಗ್ ಒಪ್ಪಂದ ಇದೆ. ಅಮೆರಿಕ ಅದರಲ್ಲಿದೆ, ಭಾರತ ಸೇರಿಲ್ಲ. ಕಾನೂನು ಆಯೋಗ 2009ರಲ್ಲೇ ಸೇರೋಣ ಅಂದಿತ್ತು. ಹೊಡೆತ ತಾಳಲಾರದೆ ಮಗು ಎತ್ತಿಕೊಂಡು ತವರಿಗೆ ಓಡಿ ಬಂದ ಹೆಣ್ಣುಮಕ್ಕಳ ಗತಿ ಏನು ಅನ್ನೋದು ಇದಕ್ಕೆ ಇರುವ ದೊಡ್ಡ ಆಕ್ಷೇಪ, ಅದರಲ್ಲಿ ಹುರುಳಿಲ್ಲ ಅಂತ ನಾನಂತೂ ಹೇಳಲ್ಲ. ನಿಮ್ಮ ಮನೆಯಲ್ಲಿ ಅಂಥದ್ದು ನಡೆದಿದ್ದರೆ ನಿಮ್ಮ ವಕೀಲರಿಂದ ಮುಚ್ಚಿಡಬೇಡಿ.

ಹಾಗಾದರೆ ಮಾಡೋದೇನು? ಮೊದಲು ಅಲ್ಲಿನ ಕೋರ್ಟಿಗೆ ಹೋಗಿ. ಅಮೆರಿಕದ ಹೆಚ್ಚಿನ ರಾಜ್ಯಗಳಲ್ಲಿ ಮಗು ಹೊರಡುವ ಮುಂಚೆ ಸತತ ಆರು ತಿಂಗಳು ಎಲ್ಲಿತ್ತೋ ಆ ರಾಜ್ಯವೇ ಅದರ ‘ಹೋಮ್ ಸ್ಟೇಟ್’, ಅಂದರೆ ಮಗು ಯಾರ ಹತ್ತಿರ ಇರಬೇಕು ಅನ್ನೋ ಕೇಸು ನಡೆಯಬೇಕಾದ್ದು ಅಲ್ಲಿ. ಹೊರಟ ಮೇಲೂ ಆರು ತಿಂಗಳೊಳಗೆ ನೀವು ಅರ್ಜಿ ಹಾಕಬಹುದು, ನೀವು ಅಲ್ಲೇ ಇದ್ದರೆ. ಆ ಆದೇಶ ಹಿಡಿದು ಕರ್ನಾಟಕ ಹೈಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್, ಅಂದರೆ ಮಗುವನ್ನು ಕೋರ್ಟಿನ ಮುಂದೆ ಹಾಜರುಪಡಿಸಿ ಅಂತ ಕೇಳೋ ಅರ್ಜಿ, ಹಾಕಿಸಿ. ಶಿವಮೊಗ್ಗ ಜಿಲ್ಲೆ ಬೆಂಗಳೂರು ಪೀಠಕ್ಕೆ ಬರುತ್ತೆ, ಸಾಗರದಿಂದ ಧಾರವಾಡ ಹತ್ತಿರ ಅಂತ ಅಲ್ಲಿಗೆ ಓಡಬೇಡಿ. ವಿದೇಶಿ ಆದೇಶ ಇದ್ದ ಮಾತ್ರಕ್ಕೆ ಮಗುವನ್ನು ಕಳಿಸಲೇಬೇಕು ಅಂತಿಲ್ಲ, ಮಗುವಿನ ಹಿತವೇ ಮುಖ್ಯ ಅಂತ ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದೆ. ಅದೇ ಕೋರ್ಟ್ 2022ರಲ್ಲಿ ಕರ್ನಾಟಕದಿಂದ ಹೋದ ಕೇಸೊಂದರಲ್ಲಿ ಮಗು ಅಮೆರಿಕಕ್ಕೆ ವಾಪಸ್ ಹೋಗಲಿ ಅಂದಿದೆ. ಎರಡೂ ಕಡೆ ದಾರಿ ಇದೆ. ತಡ ಮಾಡಿದಷ್ಟೂ ಮಗು ಇಲ್ಲಿನ ಶಾಲೆಗೆ, ಗೆಳತಿಯರಿಗೆ ಹೊಂದಿಕೊಂಡುಬಿಡುತ್ತೆ, ಕೋರ್ಟ್ ಅದನ್ನೂ ನೋಡುತ್ತೆ. ಹೆಂಡತಿ ಜೊತೆಗೆ ಬಂದರೆ ಟಿಕೆಟ್, ಬೇರೆ ಮನೆ, ಖರ್ಚು ನಾನು ಕೊಡ್ತೇನೆ, ಪೊಲೀಸ್ ಕೇಸು ಮುಂದುವರಿಸಲ್ಲ ಅಂತ ಬರೆದು ಕೊಡೋಕೆ ತಯಾರಿರಿ. ನೂರು ರೀಲ್ಸ್‌ಗಿಂತ ಆ ಒಂದು ಅಫಿಡವಿಟ್ ಜಾಸ್ತಿ ಕೆಲಸ ಮಾಡುತ್ತೆ.

ಅಲ್ಲಿಯವರೆಗೆ ವಿಡಿಯೊ ಕಾಲ್ ಕೇಳಿ. ಮಗು ಜೊತೆಗಿಲ್ಲದ ತಂದೆ ಅಥವಾ ತಾಯಿಗೆ ದಿನಾ 5ರಿಂದ 10 ನಿಮಿಷ ಮಾತಾಡೋ ಹಕ್ಕು ಇರಬೇಕು ಅಂತ 2020ರ ತೀರ್ಪೊಂದರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಅರ್ಜಿಯಲ್ಲಿ ಸಮಯ ಭಾರತದ ಗಡಿಯಾರದ ಪ್ರಕಾರ ಬರೆಸಿ, ನಿಮ್ಮ ಕಡೆ ಮಾರ್ಚ್, ನವೆಂಬರ್‌ನಲ್ಲಿ ಗಂಟೆ ಹಿಂದೆ ಮುಂದೆ ಆಗಿ ಅದಕ್ಕೇ ಒಂದು ಜಗಳ ಆಗುತ್ತೆ. ಇನ್ನೊಂದು, ಜೂನ್ ಜುಲೈನಲ್ಲಿ ಸಾಗರದ ಹಳ್ಳಿ ಕಡೆ ಕರೆಂಟ್ ಹೋದರೆ ಟವರೂ ಹೋಗುತ್ತೆ. ಕಾಲ್ ಸಿಗಲಿಲ್ಲ ಅಂದ ತಕ್ಷಣ ಬೇಕಂತಲೇ ಕಟ್ ಮಾಡಿದರು ಅಂದುಕೊಳ್ಳಬೇಡಿ. ತಪ್ಪಿದ ಕಾಲ್ ಮಾರನೇ ದಿನ ಆಗಬೇಕು, ಎರಡು ದಿನ ನೆಟ್‌ವರ್ಕ್ ಇಲ್ಲದಿದ್ದರೆ ಸಾಗರ ಪೇಟೆಯಲ್ಲಿರೋ ನೆಂಟರ ಮನೆಗೆ ಕರೆದುಕೊಂಡು ಬಂದು ಮಾಡಿಸಬೇಕು ಅಂತ ಆದೇಶದಲ್ಲೇ ಸೇರಿಸಿಕೊಳ್ಳಿ.